ಯಾವ ಫಾಯಿಲ್ ಕೊಳ್ಳಲಿ, ಎಲ್ಲಿ ಕಲಿಯಲಿ?

ಕಳೆದ ಸಂಚಿಕೆಯಲ್ಲಿ ವಿಂಡ್‌ಫಾಯಿಲಿಂಗ್ ಬಗ್ಗೆ ಬರೆದಿದ್ದೆ. ಹಾಯಿ ಕಟ್ಟಿದ ಬೋರ್ಡಿನ ಕೆಳಗೆ ಒಂದು ಕಂಬ, ಆ ಕಂಬದ ತುದಿಗೆ ವಿಮಾನದ್ದರ ಹಾಗಿರುವ ರೆಕ್ಕೆ. ಈ ಕಂಬ, ರೆಕ್ಕೆ ಸೇರಿದ್ದೇ ಫಾಯಿಲ್. ವೇಗ ಸಿಕ್ಕ ಕೂಡಲೇ ರೆಕ್ಕೆ ಬೋರ್ಡನ್ನು ನೀರಿನಿಂದ ಮೇಲಕ್ಕೆತ್ತುತ್ತದೆ. ಅಲ್ಲಿಂದ ಮುಂದೆ ಅಲೆ ಬಡಿಯುವ ಸದ್ದೇ ಇಲ್ಲ. ಅದನ್ನು ಓದಿ ಹಲವರು ಪತ್ರ ಬರೆದಿದ್ದೀರಿ, ತುಂಬಾ ಖುಷಿಯಾಯಿತು. ಜಾಸ್ತಿ ಪತ್ರಗಳು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತ ಇರುವ ನಮ್ಮವರದ್ದೇ. ನಾನು ಹೊನ್ನಾವರದವಳು, ಈಗ ಸ್ಯಾನ್ ಮಟೇಯೊದಲ್ಲಿದ್ದೇನೆ. ಹದಿನಾಲ್ಕು ವರ್ಷದಿಂದ ಈ ಕೊಲ್ಲಿಯಲ್ಲೇ ಹಾಯಿ ಹಿಡಿದಿದ್ದೇನೆ. ಹಾಗಾಗಿ ಈ ನೀರಿನ ಮಾತೇ ಇಲ್ಲಿ ಹೆಚ್ಚು.

ಸನ್ನಿವೇಲ್‌ನಿಂದ ಒಬ್ಬರು: ಅಕ್ಕ, ನನಗೆ 34 ವರ್ಷ, ತೂಕ 78 ಕಿಲೋ. ಮೂರು ಬೇಸಿಗೆ ವಿಂಡ್‌ಸರ್ಫಿಂಗ್ ಮಾಡಿದ್ದೇನೆ, ಹಾರ್ನೆಸ್ (ಹಾಯಿಯ ಎಳೆತವನ್ನು ಸೊಂಟದ ಮೇಲೆ ಹೊರುವ ಪಟ್ಟಿ) ಹಾಕಿಕೊಂಡು ಹೋಗಲು ಬರುತ್ತದೆ. ಈಗ ಫಾಯಿಲ್ ಕೊಳ್ಳಬೇಕು. ಕಾರ್ಬನ್‌ನದ್ದು ತೊಗೊಳ್ಳಲಾ, ಅಲ್ಯೂಮಿನಿಯಂನದ್ದಾ?

ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನೋಡಬೇಕಾದ್ದು ಫಾಯಿಲ್‌ನ ಮುಂಭಾಗದ ರೆಕ್ಕೆ ಎಷ್ಟು ದೊಡ್ಡದು ಅನ್ನೋದನ್ನ. ನಿಮ್ಮ ತೂಕಕ್ಕೆ 1500ರಿಂದ 2000 ಚದರ ಸೆಂಟಿಮೀಟರ್ ಒಳಗಿನದ್ದು ಹುಡುಕಿ. ದೊಡ್ಡ ರೆಕ್ಕೆ ಕಡಿಮೆ ವೇಗದಲ್ಲೇ ಎತ್ತುತ್ತದೆ, ಮೆಲ್ಲಗೆ ಎತ್ತುತ್ತದೆ. ಕಾಲಡಿಯಲ್ಲಿ ಏನಾಗುತ್ತಿದೆ ಅಂತ ತಿಳಿದುಕೊಳ್ಳಲು ಸಮಯ ಕೊಡುತ್ತದೆ. ಬಿದ್ದರೂ ಆ ವೇಗದಲ್ಲಿ ಪೆಟ್ಟು ಕಡಿಮೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. 2019ರಲ್ಲಿ ನಾನು ಮೊದಲ ಫಾಯಿಲ್ ಕೊಳ್ಳಲು ಹೋದಾಗ ಅಂಗಡಿಯವರೊಬ್ಬರು, "ನಿಮಗೆ ವಿಂಡ್‌ಸರ್ಫಿಂಗ್ ಬರುತ್ತಲ್ಲ, ದೊಡ್ಡದು ಬೇಗ ಸಾಲದಾಗುತ್ತೆ, ಈಗಲೇ ಸಣ್ಣದು ತೊಗೊಳ್ಳಿ" ಅಂದರು. 900 ಚದರ ಸೆಂಟಿಮೀಟರಿನ ರೇಸಿಂಗ್ ರೆಕ್ಕೆ ಕೊಟ್ಟರು. ಅದು ಏಳಬೇಕಾದರೆ ಒಳ್ಳೆಯ ವೇಗ ಬೇಕು, ಎದ್ದರೆ ಚಂಗನೆ ಏಳುತ್ತದೆ. ಇಡೀ ಬೇಸಿಗೆ ಎದ್ದೆ, ಬಿದ್ದೆ. ಇದು ನನಗೆ ಆಗದ ಕೆಲಸ ಅಂತ ಸೆಪ್ಟೆಂಬರ್‌ನಲ್ಲಿ ಮಾರಲು ಹೊರಟಿದ್ದೆ. ಆಗ ದಡದಲ್ಲಿ ಪರಿಚಯವಾದ ಹಿರಿಯರೊಬ್ಬರು ತಮ್ಮ 1700ರ ರೆಕ್ಕೆ ಬಿಚ್ಚಿ ನನ್ನ ಫಾಯಿಲ್‌ಗೆ ಹಾಕಿಕೊಟ್ಟರು. ಕಂಪನಿ ಒಂದೇ ಆಗಿದ್ದರಿಂದ ಸರಿಯಾಗಿ ಕೂತಿತು. ಗಾಳಿ ಬರೀ 11 ನಾಟ್, ಅಂದರೆ ಗಂಟೆಗೆ 20 ಕಿಲೋಮೀಟರ್. ಅವತ್ತು ಸಂಜೆ ಮೊದಲ ಸಲ ಅರ್ಧ ನಿಮಿಷ ನೀರಿನ ಮೇಲೆ ತೇಲಿದೆ. ದಡಕ್ಕೆ ಬಂದಾಗ ಕೈ ನಡುಗುತ್ತಿತ್ತು. ಒಂದು ಬೇಸಿಗೆಯ ಕಷ್ಟಕ್ಕೆ ಕಾರಣ ನಾನಲ್ಲ, ರೆಕ್ಕೆ ಅಂತ ಗೊತ್ತಾದದ್ದು ಆಗಲೇ.

ಇನ್ನು ಕಂಬ. ನೀರಿನೊಳಗಿನ ಈ ಕಂಬಕ್ಕೂ ಮಾಸ್ಟ್ ಅಂತಲೇ ಹೇಳುತ್ತಾರೆ, ಹಾಯಿಯ ಕಂಬಕ್ಕೂ ಮಾಸ್ಟ್ ಅಂತಲೇ. ಅಂಗಡಿಯಲ್ಲಿ ಮಾತಾಡುವಾಗ ಗೊಂದಲ ಆಗಬಾರದು. ಫಾಯಿಲ್‌ನ ಕಂಬ 70–75 ಸೆಂಟಿಮೀಟರ್ ಇರಲಿ. ರೇಸ್‌ನವರು 95ರದ್ದು ಬಳಸುತ್ತಾರೆ. ಕಂಬ ಗಿಡ್ಡ ಇದ್ದರೆ ರೆಕ್ಕೆ ಆಗಾಗ ನೀರಿನಿಂದ ಹೊರಬಂದು ನಿಮ್ಮನ್ನು ಕೆಳಗೆ ಹಾಕುತ್ತದೆ, ನಿಜ. ಆದರೆ ಬೀಳುವ ಎತ್ತರ ಕಡಿಮೆ. ಇನ್ನೂ ಮುಖ್ಯವಾಗಿ, ಈ ಕೊಲ್ಲಿಯ ದಡಗಳಲ್ಲಿ ಆಳವೇ ಕಡಿಮೆ. ಕಂಬ ಗಿಡ್ಡ ಆದಷ್ಟೂ ನಿಮಗೆ ಸಿಗುವ ನೀರು ಜಾಸ್ತಿ.

ಈಗ ನಿಮ್ಮ ಪ್ರಶ್ನೆ. ಅಲ್ಯೂಮಿನಿಯಂ ಕಂಬದ್ದೇ ತೊಗೊಳ್ಳಿ. ತೂಕ ಜಾಸ್ತಿ, ಆದರೆ ಗಟ್ಟಿ. ಬೆಲೆ ಕಡಿಮೆ, ಒಂದು ಭಾಗ ಹಾಳಾದರೆ ಅದೊಂದನ್ನೇ ಬದಲಿಸಬಹುದು. ಕಾರ್ಬನ್ ಹಗುರ, ಬಾಗುವುದಿಲ್ಲ. ಆ ವ್ಯತ್ಯಾಸ ಗೊತ್ತಾಗುವಷ್ಟು ವೇಗ ನಿಮಗೆ ಬರುವಾಗ ಎರಡು ವರ್ಷ ಕಳೆದಿರುತ್ತದೆ. ಅಲ್ಯೂಮಿನಿಯಂಗೆ ಒಂದು ಆರೈಕೆ ಬೇಕೇ ಬೇಕು. ಅದರ ಸ್ಕ್ರೂಗಳು ಸ್ಟೇನ್‌ಲೆಸ್ ಸ್ಟೀಲ್‌ನವು. ಉಪ್ಪುನೀರಿನಲ್ಲಿ ಈ ಎರಡು ಲೋಹ ಒಟ್ಟಿಗಿದ್ದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ, ಸ್ಕ್ರೂ ಕಚ್ಚಿಕೊಳ್ಳುತ್ತದೆ. ಮನೆಗೆ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆದು, ಎಲ್ಲ ಸ್ಕ್ರೂ ಬಿಚ್ಚಿ, ಒಣಗಿಸಿ, ಮತ್ತೆ ಜೋಡಿಸುವಾಗ ಟೆಫ್-ಜೆಲ್ ಥರದ, ಸ್ಕ್ರೂ ಕಚ್ಚಿಕೊಳ್ಳದಂತೆ ತಡೆಯುವ ಗ್ರೀಸ್ ಹಚ್ಚಿ. ಇವತ್ತು ಸುಸ್ತು, ನಾಳೆ ಮಾಡೋಣ ಅಂತ ಬಿಟ್ಟರೆ ಆ ನಾಳೆ ಡ್ರಿಲ್ ತರಬೇಕಾಗುತ್ತದೆ.

ಹಾಯಿಗೆ ಈಗಲೇ ಹಣ ಹಾಕಬೇಡಿ. 12–15 ನಾಟ್ ಗಾಳಿಗೆ ನಿಮ್ಮ ತೂಕದವರಿಗೆ 5.5 ಅಥವಾ 6 ಚದರ ಮೀಟರ್ ಸಾಕು. ಅದೇ ಗಾಳಿಯಲ್ಲಿ ಫಾಯಿಲ್ ಬದಲು ಫಿನ್ (ಬೋರ್ಡಿನ ಅಡಿಯ ಮಾಮೂಲು ಈಜುರೆಕ್ಕೆ) ಹಾಕಿ ಹೋಗುವಾಗ 7.5 ಎತ್ತುತ್ತಿದ್ದಿರಿ ಅಲ್ವಾ? ಫಾಯಿಲ್‌ಗೆ ಅಷ್ಟು ಬೇಡ. ನಿಮ್ಮಲ್ಲಿರುವ ಹಳೆ ಹಾಯಿಯೇ ನಡೆಯುತ್ತದೆ. ಹಾಯಿಯ ಬುಡವನ್ನು ಅದು ಕೂರಲೆಂದು ಬೋರ್ಡಿನ ಮೇಲಿರುವ ಉದ್ದನೆಯ ಜಾಡಿನ ನಡುವೆ ಕೂರಿಸಿ. ಬೋರ್ಡಿನ ಮೂತಿ ತಡೆಯಲಾರದಂತೆ ಏಳುತ್ತಿದ್ದರೆ ಬುಡವನ್ನು ಎರಡು ಸೆಂಟಿಮೀಟರ್ ಮುಂದಕ್ಕೆ ಸರಿಸಿ. ಅಷ್ಟರಲ್ಲೇ ಬೋರ್ಡ್ ಎಷ್ಟು ಬದಲಾಗುತ್ತದೆ ಅಂತ ನೀವೇ ನೋಡುತ್ತೀರಿ.

ಹಳೆಯದನ್ನೇ ಕೊಳ್ಳಿ. ಇಲ್ಲಿ ತುಂಬಾ ಜನ ವಿಂಗ್, ಅಂದರೆ ಕೈಯಲ್ಲೇ ಹಿಡಿಯುವ ಗಾಳಿ ತುಂಬಿದ ಹಾಯಿಯ ಕಡೆಗೆ ಹೋಗಿದ್ದಾರೆ. ಅವರ ವಿಂಡ್‌ಫಾಯಿಲ್ ಸೆಟ್‌ಗಳು ಗ್ಯಾರೇಜಿನಲ್ಲಿ ಸುಮ್ನೆ ಕೂತಿವೆ. ನನ್ನ ಈಗಿನ ಅಲ್ಯೂಮಿನಿಯಂ ಸೆಟ್ ಅಂಥದ್ದೇ, 450 ಡಾಲರ್ ಕೊಟ್ಟೆ. ನೋಡಲು ಹೋದಾಗ ಸ್ಕ್ರೂ ಬಿಚ್ಚುವ ಕೀಲಿ ತೊಗೊಂಡು ಹೋಗಿ, ಎಲ್ಲ ಸ್ಕ್ರೂ ನಿಮ್ಮ ಎದುರೇ ಬಿಚ್ಚಿಸಿ. ಬಿಚ್ಚಲು ಬರದಿದ್ದರೆ ವಾಪಸ್ ಬನ್ನಿ. ರೆಕ್ಕೆಯ ಮುಂದಿನ ಅಂಚಿನ ಮೇಲೆ ಬೆರಳು ಎಳೆದು ನೋಡಿ. ಸಣ್ಣ ಗೀರು ಪರವಾಗಿಲ್ಲ, ಉಗುರು ಸಿಕ್ಕಿಕೊಳ್ಳುವಷ್ಟು ಒಡಕಿದ್ದರೆ ಬೇಡ.

ಫ್ರೀಮಾಂಟ್‌ನಿಂದ ನಿವೃತ್ತರೊಬ್ಬರು: ನನ್ನ ಹತ್ತಿರ 2006ರ ಸುಮಾರಿಗೆ ಕೊಂಡ 145 ಲೀಟರಿನ ವಿಂಡ್‌ಸರ್ಫ್ ಬೋರ್ಡ್ ಇದೆ. ಅದಕ್ಕೇ ಫಾಯಿಲ್ ಸಿಕ್ಕಿಸಬಹುದೇ?

ಬೇಡ ಸರ್. ಬೋರ್ಡ್ ತಿರುಗಿಸಿ ಫಿನ್ ಕೂರುವ ಗೂಡನ್ನು ನೋಡಿ. ಫಿನ್ ಪಕ್ಕಕ್ಕೆ ಮಾತ್ರ ಒತ್ತುತ್ತದೆ. ಫಾಯಿಲ್ ನಿಮ್ಮ ಇಡೀ ತೂಕವನ್ನು ಅದೇ ಗೂಡಿನ ಮೇಲೆ ಹೊತ್ತು, ಮುಂದಕ್ಕೂ ಹಿಂದಕ್ಕೂ ತಿರುಚುತ್ತದೆ. ಒಂದೇ ಸ್ಕ್ರೂವಿನ, ಪವರ್ ಬಾಕ್ಸ್ ಅನ್ನುವ ಗೂಡಿರುವ ಹಳೆ ಬೋರ್ಡುಗಳಲ್ಲಿ ಗೂಡೇ ಕಿತ್ತು ಬರುತ್ತದೆ. ದಡದಿಂದ ಅರ್ಧ ಮೈಲಿ ಆಚೆ ಹಾಗಾದರೆ ಬೋರ್ಡಿಗೆ ನೀರು ತುಂಬುತ್ತದೆ. ನಿಮಗೆ ಬೇಕಾದ್ದು ಫಾಯಿಲ್‌ಗೆಂದೇ ಗಟ್ಟಿಮಾಡಿದ, ಡೀಪ್ ಟಟಲ್ ಅನ್ನುವ ಆಳದ ಗೂಡು, ಇಲ್ಲವೇ ಎರಡು ಸಮಾನಾಂತರ ಹಳಿಯ ಗೂಡು. ಫಾಯಿಲ್‌ನ ತಲೆ ಯಾವ ಥರದ್ದೋ ಬೋರ್ಡಿನ ಗೂಡೂ ಅದೇ ಥರದ್ದಿರಬೇಕು. ಇದನ್ನು ನೋಡದೆ ಬೇರೆ ಬೇರೆ ಕಡೆ ಕೊಂಡು ಆಮೇಲೆ ತಲೆ ಮೇಲೆ ಕೈ ಹೊತ್ತವರನ್ನು ನೋಡಿದ್ದೇನೆ. ಬೋರ್ಡಿನ ಗಾತ್ರಕ್ಕೆ ಒಂದು ಲೆಕ್ಕ: ನಿಮ್ಮ ತೂಕದ ಕಿಲೋಗೆ 40 ಸೇರಿಸಿ, ಅಷ್ಟು ಲೀಟರ್. ಅಗಲ 80 ಸೆಂಟಿಮೀಟರ್ ಆಸುಪಾಸು. ಆ 145 ಲೀಟರಿನದ್ದನ್ನು ಮಾರಬೇಡಿ, ಮೊಮ್ಮಕ್ಕಳಿಗೆ ಕಲಿಸಲು ಅದಕ್ಕಿಂತ ಒಳ್ಳೆಯದು ಸಿಗುವುದಿಲ್ಲ.

ಫಾಸ್ಟರ್ ಸಿಟಿಯ ದಂಪತಿ: ಸಾಮಾನು ಸಿದ್ಧ ಇದೆ. ಮನೆ ಹತ್ತಿರವೇ ಥರ್ಡ್ ಅವೆನ್ಯೂ ದಡ. ಅಲ್ಲೇ ಶುರು ಮಾಡಬಹುದಾ?

ಮನೆಗೆ ಹತ್ತಿರ ಅನ್ನೋದೊಂದೇ ಕಾರಣಕ್ಕೆ ಅಲ್ಲಿ ಶುರು ಮಾಡಬೇಡಿ. ಈ ಕೊಲ್ಲಿಯ ಗಾಳಿ ಎಲ್ಲಿಂದ ಬರುತ್ತದೆ ಅಂತ ಮೊದಲು ಹೇಳುತ್ತೇನೆ, ಆಗ ಜಾಗ ಆರಿಸುವುದು ನಿಮಗೇ ಸುಲಭ.

ಬೇಸಿಗೆಯಲ್ಲಿ ಒಳನಾಡಿನ ಸೆಂಟ್ರಲ್ ವ್ಯಾಲಿ ಕಾದ ಕಾವಲಿಯಂತಿರುತ್ತದೆ. ಅಲ್ಲಿನ ಬಿಸಿ ಗಾಳಿ ಮೇಲೇಳುತ್ತದೆ. ಆ ಜಾಗ ತುಂಬಲು ಪೆಸಿಫಿಕ್ ಸಮುದ್ರದ ತಣ್ಣನೆಯ ಗಾಳಿ ಒಳಗೆ ನುಗ್ಗುತ್ತದೆ. ನಡುವೆ ಬೆಟ್ಟದ ಸಾಲು ಅಡ್ಡ ಇದೆ. ಹಾಗಾಗಿ ಎಲ್ಲಿ ಸಂದು ಇದೆಯೋ ಅಲ್ಲಿಂದ ಗಾಳಿ ರಭಸವಾಗಿ ಬರುತ್ತದೆ. ಒಂದು ಸಂದು ಗೋಲ್ಡನ್ ಗೇಟ್. ಇನ್ನೊಂದು ವಿಮಾನ ನಿಲ್ದಾಣದ ಪಶ್ಚಿಮಕ್ಕಿರುವ ಸ್ಯಾನ್ ಬ್ರೂನೊ ಕಣಿವೆ. ಅಲ್ಲಿಂದ ಬಂದ ಗಾಳಿಯೇ ಕಯೋಟಿ ಪಾಯಿಂಟ್‌ಗೂ ನಿಮ್ಮ ಥರ್ಡ್ ಅವೆನ್ಯೂಗೂ ಸಿಗುವುದು. ಏಪ್ರಿಲ್‌ನಿಂದ ಆಗಸ್ಟ್ ತನಕ ಮಧ್ಯಾಹ್ನ ಎರಡು ಗಂಟೆ ದಾಟಿದರೆ ಹೆಚ್ಚುಕಮ್ಮಿ ದಿನಾ ಇದೇ ಕತೆ. ನಮ್ಮ ಊರಿನ ಪಡುಗಾಳಿಯದ್ದೂ ಇದೇ ಲೆಕ್ಕ, ಇಲ್ಲಿ ಅದರ ಜೋರು ಜಾಸ್ತಿ ಅಷ್ಟೇ.

ಥರ್ಡ್ ಅವೆನ್ಯೂದಲ್ಲಿ ಬೇಸಿಗೆಯ ಸಂಜೆ 20 ನಾಟ್ ದಾಟುವುದು ಮಾಮೂಲು. ದಡದಲ್ಲಿ ಕಲ್ಲು ಜೋಡಿಸಿದ್ದಾರೆ, ಇಳಿತದಲ್ಲಿ ಆಳ ಕಡಿಮೆ, ಗಾಳಿಪಟ ಹಿಡಿದು ಸರ್ಫಿಂಗ್ ಮಾಡುವವರೂ ವಿಂಗ್‌ನವರೂ ಗಿಜಿಗುಡುತ್ತಿರುತ್ತಾರೆ. ಕಲಿಯುವವರಿಗೆ ಬೇಕಾದ್ದು ಮೂರೇ: 10ರಿಂದ 14 ನಾಟ್ ಗಾಳಿ, ಎದೆಮಟ್ಟ ದಾಟಿದ ನೀರು, ತಪ್ಪಾದರೆ ನಡೆದಾದರೂ ತಲುಪಬಹುದಾದ ದಡ.

ಈ ಮೂರೂ ಹೆಚ್ಚುಕಮ್ಮಿ ಸಿಗುವ ಜಾಗ ಅಲಮೀಡಾದ ಕ್ರೌನ್ ಬೀಚ್. ಮರಳಿನ ತಳ. ಗಾಳಿ ಓರೆಯಾಗಿ ದಡದ ಕಡೆಗೇ ಬೀಸುತ್ತದೆ, ಏನಾದರೂ ಮುರಿದರೂ ನಿಮ್ಮನ್ನು ದಡಕ್ಕೇ ತಂದು ಬಿಡುತ್ತದೆ. ತೊಂದರೆ ಒಂದೇ, ತುಂಬಾ ದೂರದ ತನಕ ಮೊಣಕಾಲು ನೀರು. ಅಲ್ಲಿಗೆ ಉಬ್ಬರದ ಹೊತ್ತು ನೋಡಿಕೊಂಡೇ ಹೋಗಿ. ಉಬ್ಬರಕ್ಕೆ ಒಂದೂವರೆ ಗಂಟೆ ಮುಂಚೆ ಇಳಿದು, ಅದಾದ ಒಂದೂವರೆ ಗಂಟೆಗೆ ಹೊರಗೆ ಬನ್ನಿ. ಮಧ್ಯಾಹ್ನ ಮೂರರ ಹೊತ್ತಿಗೆ ಉಬ್ಬರ ಬರುವ ದಿನಗಳನ್ನು ನಾನು ತಿಂಗಳ ಮೊದಲೇ ಕ್ಯಾಲೆಂಡರಿನಲ್ಲಿ ಗುರುತು ಮಾಡುತ್ತಿದ್ದೆ.

ನೀರಿಗೆ ಇಳಿಯುವಾಗ ಬೋರ್ಡನ್ನು ಮಗ್ಗುಲಾಗಿ ತೇಲಿಸಿಕೊಂಡು ಹೋಗಿ. ಸೊಂಟ ಮುಳುಗಿದ ಮೇಲೆ ನೆಟ್ಟಗೆ ಮಾಡಿ. ಒಂದು ಸಲ ರೆಕ್ಕೆ ಮರಳಿಗೆ ತಾಗಿದರೆ ನೀವು ಬೋರ್ಡಿನ ಮುಂದಕ್ಕೆ ಹಾರುತ್ತೀರಿ.

ಅದಾದ ಮೇಲೆ ಕಯೋಟಿ ಪಾಯಿಂಟ್. ನನಗೆ ಅತಿ ಇಷ್ಟದ ಜಾಗ. ದಡದ ಹತ್ತಿರ ಗಾಳಿ ಕಡಿಮೆ, ಹೊರಗೆ ಹೋದಷ್ಟೂ ಏರುತ್ತದೆ. ತಲೆ ಮೇಲೆ ವಿಮಾನಗಳು, ಹಿಂದೆ ನೀಲಗಿರಿ ಮರಗಳು. ಎರಡು ಮಾತು ನೆನಪಿಡಿ. ಮೊದಲನೆಯದು, ಗಾಳಿ ದಡದಿಂದ ಹೊರಗೆ ಓರೆಯಾಗಿ ಬೀಸುತ್ತದೆ. ಕಂಬ ಮುರಿದರೆ ನೀವು ತೇಲುವುದು ದಡದಿಂದ ದೂರಕ್ಕೆ, ಸ್ಯಾನ್ ಮಟೇಯೊ ಸೇತುವೆಯ ಕಡೆಗೆ. ಅಲ್ಲಿ ಒಬ್ಬರೇ ಹೋಗಬೇಡಿ. ಇಬ್ಬರೂ ಒಟ್ಟಿಗೆ ಹೋಗುತ್ತೀರಿ ಅಂತ ಓದಿ ನನಗೆ ಸಮಾಧಾನ ಆಯಿತು. ಎರಡನೆಯದು, ಇಳಿತದಲ್ಲಿ ಕೆಸರು ಮೇಲೆ ಬರುತ್ತದೆ. 2021ರ ಜೂನ್‌ನಲ್ಲಿ ನಾನು ಗೋಲ್ಡನ್ ಗೇಟ್‌ನ ಹೊತ್ತನ್ನೇ ನೋಡಿಕೊಂಡು ಹೋಗಿದ್ದೆ. ಕೊಲ್ಲಿಯ ದಕ್ಷಿಣದಲ್ಲಿ ನೀರು ಏರುವುದೂ ಇಳಿಯುವುದೂ ಅಲ್ಲಿಗಿಂತ ಸುಮಾರು ಮುಕ್ಕಾಲು ಗಂಟೆ ತಡ, ಏರಿಳಿತವೂ ಜಾಸ್ತಿ. ನೀರು ಏರಿರುತ್ತದೆ ಅಂತ ನಂಬಿ ಬಂದವಳ ರೆಕ್ಕೆ ಕೆಸರಿನಲ್ಲಿ ನಾಟಿತು. ಹಾಯಿ ಹಿಡಿಯುವ ಅಡ್ಡಕೋಲು ಬೂಮ್‌ಗೆ ಪಕ್ಕೆ ಬಡಿದು ಮೂರು ವಾರ ನೋವಿತ್ತು. ನೀವು ಹೋಗುವ ಜಾಗದ್ದೇ ಉಬ್ಬರ-ಇಳಿತದ ಪಟ್ಟಿ ನೋಡಿ. ಅಮೆರಿಕದ ಹವಾಮಾನ ಮತ್ತು ಸಾಗರ ಇಲಾಖೆ ನೋವಾ ಅದನ್ನು ಪುಕ್ಕಟೆ ಕೊಡುತ್ತದೆ.

ಬಿಸಿಲು, ಬೆಚ್ಚಗಿನ ನೀರು ಬೇಕೆಂದರೆ ಶರ್ಮನ್ ಐಲೆಂಡ್ ಇದೆ. ಸ್ಯಾಕ್ರಮೆಂಟೊ ನದಿಯ ಡೆಲ್ಟಾ, ಸಿಹಿನೀರು. ಸ್ಕ್ರೂಗಳಿಗೂ ಹಿತ. ಅಲ್ಲಿ ನೀರಿನ ಹರಿವು ಗಮನಿಸಿ. ಇಳಿತದಲ್ಲಿ ನದಿ ಗಾಳಿಗೆ ಎದುರಾಗಿ ಹರಿದು ನಿಮ್ಮನ್ನು ಗಾಳಿ ಬರುವ ಕಡೆಗೆ ಒಯ್ಯುತ್ತದೆ, ಅದರ ಜೊತೆ ದೊಡ್ಡ ಅಲೆಯನ್ನೂ ಎಬ್ಬಿಸುತ್ತದೆ. ನೀರು ಏರುವಾಗ ಹರಿವೂ ಗಾಳಿಯೂ ಒಂದೇ ಕಡೆಗೆ ತಳ್ಳುತ್ತವೆ, ಹೊರಟ ಜಾಗಕ್ಕೆ ಮರಳುವುದು ಕಷ್ಟ.

ಕ್ರಿಸ್ಸಿ ಫೀಲ್ಡ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಗೋಲ್ಡನ್ ಗೇಟ್ ಸೇತುವೆಯ ಪಕ್ಕ, ಫೋಟೋ ನೋಡಿದವರಿಗೆಲ್ಲ ಅಲ್ಲಿಗೇ ಹೋಗುವ ಆಸೆ. ಕರಾವಳಿಯವರಿಗೆ ಒಂದೇ ಮಾತಿನಲ್ಲಿ ಹೇಳುವುದಾದರೆ, ಅದು ಈ ಇಡೀ ಕೊಲ್ಲಿಯ ಅಳಿವೆ ಬಾಗಿಲು. ಇಳಿತದಲ್ಲಿ ಕೊಲ್ಲಿಯ ನೀರೆಲ್ಲ ಆ ಒಂದು ಸಂದಿನಿಂದ ಸಮುದ್ರಕ್ಕೆ ಹೊರಡುತ್ತದೆ. ಗಾಳಿ ಬಿದ್ದರೆ ನೀವೂ ಅದರ ಜೊತೆ ಸೇತುವೆ ದಾಟುತ್ತೀರಿ. ದೊಡ್ಡ ಹಡಗುಗಳೂ ಅದೇ ದಾರಿಯಲ್ಲಿ ಬರುತ್ತವೆ. ನಾನು ಅಲ್ಲಿ ಫಾಯಿಲ್ ಇಳಿಸಿದ್ದು ಮೂರು ವರ್ಷ ಆದ ಮೇಲೆ, ನೀರು ಒಳಗೆ ಬರುವ ಹೊತ್ತಿನಲ್ಲಿ, ಮೂವರ ಜೊತೆ.

ಮಿಲ್ಪಿಟಾಸ್‌ನಿಂದ: ವೆಟ್‌ಸೂಟ್, ಹೆಲ್ಮೆಟ್ ಎಲ್ಲಾ ಬೇಕೇ ಬೇಕಾ?

ಎಲ್ಲಾ ಬೇಕು. 4/3 ಮಿಲಿಮೀಟರ್ (ಮೈಗೆ 4, ಕೈಕಾಲಿಗೆ 3 ದಪ್ಪ) ಮೈ ಬೆಚ್ಚಗಿಡುವ ವೆಟ್‌ಸೂಟ್, ಹೆಲ್ಮೆಟ್, ಪೆಟ್ಟು ತಡೆಯುವ ವೆಸ್ಟ್, ಕಾಲಿಗೆ ಬೂಟು. ಗೋಲ್ಡನ್ ಗೇಟ್ ಹತ್ತಿರ ಬೇಸಿಗೆಯಲ್ಲೂ ನೀರು 12–15 ಡಿಗ್ರಿ ಅಷ್ಟೇ. ಬೀಳುವಾಗ ಬೂಮ್ ಬಿಡಬೇಡಿ. ಅದನ್ನು ಹಿಡಿದೇ ಬಿದ್ದರೆ ನಿಮಗೂ ರೆಕ್ಕೆಗೂ ನಡುವೆ ದೂರ ಉಳಿಯುತ್ತದೆ. ಕೈಬಿಟ್ಟು ಕಾಲು ಚಾಚಿ ಬಿದ್ದವರಿಗೇ ರೆಕ್ಕೆ ತಾಗುವುದು.

ಕ್ಯಾಲಿಫೋರ್ನಿಯಾದ ಡಬ್ಲಿನ್‌ನಿಂದ ಒಬ್ಬ ತಾಯಿ: ಮಗಳಿಗೆ 13 ವರ್ಷ. ಒಲಿಂಪಿಕ್ಸ್‌ನಲ್ಲಿ ನೋಡಿ ಅದೇ ಬೋರ್ಡ್ ಬೇಕು ಅನ್ನುತ್ತಾಳೆ. ಕೊಡಿಸಲಾ ಮೇಡಂ?

ಅವಳು ನೋಡಿದ್ದು ಐಕ್ಯೂಫಾಯಿಲ್. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಹಾಯಿ ಸ್ಪರ್ಧೆಗಳು ಮಾರ್ಸೇಯ್‌ನಲ್ಲಿ ನಡೆದವು. ಅಲ್ಲಿ ಮೊದಲ ಸಲ ವಿಂಡ್‌ಸರ್ಫಿಂಗ್ ಫಾಯಿಲ್ ಮೇಲೆ ನಡೆಯಿತು. ಮಹಿಳೆಯರಲ್ಲಿ ಇಟಲಿಯ ಮಾರ್ತಾ ಮಜ್ಜೆತ್ತಿ ಚಿನ್ನ ಗೆದ್ದರು. ಆ ಸ್ಪರ್ಧೆಯಲ್ಲಿ ಎಲ್ಲರಿಗೂ ಒಂದೇ ಥರದ ಸಾಮಾನು: 95 ಸೆಂಟಿಮೀಟರ್ ಅಗಲದ ಬೋರ್ಡ್, 95ರ ಕಾರ್ಬನ್ ಕಂಬ, 900ರ ರೆಕ್ಕೆ. ಹಾಯಿ ಮಹಿಳೆಯರಿಗೆ 8 ಚದರ ಮೀಟರ್, ಪುರುಷರಿಗೆ 9. ಅಷ್ಟು ದೊಡ್ಡ ಹಾಯಿಯನ್ನು 13ರ ಹುಡುಗಿ ನೀರಿನಿಂದ ಎತ್ತುವುದೇ ಕಷ್ಟ. ನನಗೆ ಸಣ್ಣ ರೆಕ್ಕೆ ಏನು ಮಾಡಿತು ಅಂತ ಮೇಲೆ ಬರೆದಿದ್ದೇನೆ, ಅವಳಿಗೂ ಓದಿ ಹೇಳಿ.

ಈ ಬೇಸಿಗೆ ಮೌಂಟನ್ ವ್ಯೂನ ಶೋರ್‌ಲೈನ್ ಕೆರೆಯಲ್ಲಿ ಫಿನ್ ಬೋರ್ಡಿನ ಮೇಲೆ ವಿಂಡ್‌ಸರ್ಫಿಂಗ್ ಕಲಿಯಲಿ. ಚಿಕ್ಕ ಕೆರೆ, ಯಾವ ಕಡೆ ತೇಲಿದರೂ ದಡ ಹತ್ತಿರ. 3.5 ಅಥವಾ 4 ಮೀಟರಿನ ಹಾಯಿ ಸಾಕು. ಹಾರ್ನೆಸ್ ಹಾಕಿ ಹೋಗಿ ಬರಲು ಗೊತ್ತಾದ ಮೇಲೆ ದೊಡ್ಡ ರೆಕ್ಕೆಯ ಫಾಯಿಲ್. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲೂ ಈ ಸ್ಪರ್ಧೆ ಇದೆ. ಕಾರಿನಲ್ಲಿ ಒಂದು ದಿನದ ದಾರಿ, ಅವಳನ್ನು ಕರೆದುಕೊಂಡು ಹೋಗಿ ತೋರಿಸಿ. ಇನ್ನೊಂದು ಹೆಸರೂ ಹೇಳಿ ಅವಳಿಗೆ: 2023ರಲ್ಲಿ ಚೀನಾದಲ್ಲಿ ನಡೆದ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಇಬಾದ್ ಅಲಿ ಆರ್‌ಎಸ್:ಎಕ್ಸ್ ವಿಂಡ್‌ಸರ್ಫಿಂಗ್‌ನಲ್ಲಿ ಕಂಚು ಗೆದ್ದರು. ಪ್ಯಾರಿಸ್‌ಗೆ ಮುಂಚೆ ಒಲಿಂಪಿಕ್ಸ್‌ನಲ್ಲಿ ಇದ್ದದ್ದು ಅದೇ ಬೋರ್ಡ್.

ಮಂಗಳೂರಿನಿಂದ ವಿದ್ಯಾರ್ಥಿ: ಅಕ್ಕ, ನಮ್ಮ ಕರಾವಳಿಯಲ್ಲಿ ಇದು ಆಗುತ್ತಾ?

ಈ ಪತ್ರವನ್ನು ಎರಡು ಸಲ ಓದಿದೆ. ಆಗುತ್ತೆ, ಆದರೆ ಹೊತ್ತು ನೋಡಿಕೊಂಡು. ಫೆಬ್ರವರಿಯಿಂದ ಮೇ ನಡುವಿನ ತನಕ ಮಧ್ಯಾಹ್ನದ ಮೇಲೆ ವಾಯವ್ಯದಿಂದ ಗಾಳಿ ಬರುತ್ತದೆ. ಅದು ದಡಕ್ಕೆ ಓರೆ, ಕಲಿಯುವವರಿಗೆ ಅದೇ ಬೇಕು. ಜೋರು ಕಡಿಮೆ. ಫಿನ್ ಬೋರ್ಡಿನವರಿಗೆ ಸಾಲದ ಗಾಳಿ, ದೊಡ್ಡ ರೆಕ್ಕೆಗೆ ಸಾಕಾಗುತ್ತದೆ. ನಮ್ಮ ಕಡೆಗೆ ಫಾಯಿಲ್ ಹೊಂದುತ್ತದೆ ಅಂತ ನಾನು ನಂಬುವುದು ಇದಕ್ಕೇ. 2000ಕ್ಕಿಂತ ಸಣ್ಣ ರೆಕ್ಕೆ ನೋಡಲೇಬೇಡಿ. 2023ರ ಫೆಬ್ರವರಿಯಲ್ಲಿ ಊರಿಗೆ ಬಂದಾಗ ರೆಕ್ಕೆ, ಕಂಬಗಳನ್ನು ಬಿಚ್ಚಿ ಸೂಟ್‌ಕೇಸಿನಲ್ಲಿ ತಂದಿದ್ದೆ. ಗೆಳತಿಯ ಗಾಳಿ ತುಂಬುವ ಬೋರ್ಡಿಗೆ ಹಾಕಿ ನಾಲ್ಕು ಸಂಜೆ ಹೋದೆ, ಎರಡು ಸಂಜೆ ಎದ್ದೆ.

ಸಮುದ್ರದಲ್ಲಿ ಮರಳಿಗೆ ಅಪ್ಪಳಿಸುವ ಅಲೆಯಲ್ಲಿ ಫಾಯಿಲ್ ಇಳಿಸುವುದು ಅಪಾಯ. ಅಲೆ ತೀರಾ ಸಣ್ಣ ಇರುವ ದಿನ ಮಾತ್ರ ಇಳಿಯಿರಿ. ನದಿಯ ಹಿನ್ನೀರು ಸಪಾಟಾಗಿ ಕಾಣುತ್ತದೆ, ಆದರೆ ಅಲ್ಲಿ ಮರಳಿನ ದಿಬ್ಬಗಳಿವೆ, ಬಲೆ ಕಟ್ಟಿದ ಗೂಟಗಳಿವೆ. ಬಲೆಗೆ ರೆಕ್ಕೆ ಸಿಕ್ಕರೆ ನಿಮಗೂ ಪೆಟ್ಟು, ಬಲೆಯವರಿಗೂ ನಷ್ಟ. ಮುಲ್ಕಿಯಲ್ಲಿ ಸರ್ಫಿಂಗ್ ಕಲಿಸುವವರಿದ್ದಾರೆ. ಅಲ್ಲಿನ ಶಾಂಭವಿ ನದಿಯ ತಳ ಎಲ್ಲಿ ಹೇಗಿದೆ ಅಂತ ಅವರಿಗೆ ಗೊತ್ತು. ಅವರ ಹತ್ತಿರ, ಮೀನುಗಾರರ ಹತ್ತಿರ ಕೇಳದೆ ಇಳಿಯಬೇಡಿ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳೇ ಕಡಲಿಗೆ ಇಳಿಯುವುದಿಲ್ಲ. ಮಳೆಗಾಲದ ಕಡಲಿಗೆ ನೀವೂ ಇಳಿಯಬೇಡಿ.

ಗಾಳಿ ಜಾಸ್ತಿ ಬೇಕಾದರೆ ರೈಲು ಹತ್ತಿ ರಾಮೇಶ್ವರದ ಕಡೆ ಹೋಗಿ. ಒಂದು ಕಡೆ ಪಾಕ್ ಕೊಲ್ಲಿ, ಇನ್ನೊಂದು ಕಡೆ ಮನ್ನಾರ್ ಖಾರಿ. ಬೇಸಿಗೆಯಲ್ಲಿ ನೈಋತ್ಯದ ಗಾಳಿ, ಚಳಿಗಾಲದಲ್ಲಿ ಈಶಾನ್ಯದ್ದು. ಯಾವ ಗಾಳಿ ಬೀಸಿದರೂ ಒಂದು ಮಗ್ಗುಲಲ್ಲಿ ನೀರು ಸಪಾಟು. ಗಾಳಿಪಟ ಸರ್ಫಿಂಗ್ ಕಲಿಸುವವರು ಅಲ್ಲಿದ್ದಾರೆ. ಆಳ ಕಡಿಮೆ ಇರುವ ಕಡೆ ಜಾಸ್ತಿ, 70ರ ಕಂಬವೇ ಇರಲಿ.

ಮುಂದಿನ ಡಿಸೆಂಬರ್‌ನಲ್ಲಿ ನಾನು ಮತ್ತೆ ಹೊನ್ನಾವರಕ್ಕೆ ಬರುತ್ತೇನೆ. ಈ ಸಲ ಎರಡು ರೆಕ್ಕೆ ತರುತ್ತೇನೆ, 2000ದ್ದೊಂದು, 2400ದ್ದೊಂದು. ಪತ್ರಿಕೆಯ ವಿಳಾಸಕ್ಕೆ ಇನ್ನೊಂದು ಪತ್ರ ಹಾಕಿ. ನಿಮ್ಮ ತೂಕ ಎಷ್ಟು ಅಂತ ಬರೆಯುವುದನ್ನು ಮರೆಯಬೇಡಿ.